ಅಸ್ತರು

ಚಿಂತಾಮಣಿ ತಾಲ್ಲೂಕು ಕಚೇರಿಯ ಮುಂದೆ
ಹುಣಸೆಮರದಡಿ ಕುಂಟುವ ಮೇಜು,
ಮೇಜಿನ ಹಿಂದೆ ಅಪ್ಪ,
ಅಪ್ಪನ ಮೈಮೇಲೆ ಕರಿ ಕೋಟು.
ಏಪ್ರಿಲ್ಲಿನಲ್ಲೂ.

ಕೋಟಿಲ್ಲದೆ ಗೆರೆ ಎಳೆದವನಲ್ಲ ಅರ್ಜಿ ಸುಬ್ಬನರಸಯ್ಯ.
"ಬರೀ ಮೈಯಲ್ಲಿ ಬರೆದರೆ
ವಾಕ್ಯ ಸೊಂಟದ ಮೇಲೆ ನಿಲ್ಲೋದಿಲ್ಲ ಕಣಮ್ಮ."
ಎರಡು ಗುಂಡಿ ಹಾಕಿಕೊಂಡರೆ
'ಈ ಮೂಲಕ ತಮ್ಮ ಸನ್ನಿಧಾನಕ್ಕೆ';
ಮೂರನೆಯದೂ ಹಾಕಿದರೆ
'ಅರಿಕೆ ಮಾಡಿಕೊಳ್ಳುವುದೇನೆಂದರೆ'.
ಆ ಏನೆಂದರೆಯನ್ನು ದಾಟಿ ವಿಷಯ ಬರುವ ಹೊತ್ತಿಗೆ
ಎದುರು ಕೂತವರ ಬೀಡಿ ಮುಗಿದಿರುತ್ತಿತ್ತು.
ಅವರು ತೆಲುಗಿನಲ್ಲಿ ಅತ್ತದ್ದು
ಅವನ ತೋಳಿನೊಳಗಿಂದ ಹಾದು
ಕನ್ನಡದಲ್ಲಿ ಕೈಮುಗಿದುಕೊಂಡು ಹೊರಗೆ ಬರುತ್ತಿತ್ತು.

ಮನೆಯಲ್ಲಿ ಬೇರೆಯೇ ಮನುಷ್ಯ.
ತೂತುಬಿದ್ದ ಬನಿಯನ್ನು, ಚೌಕಳಿ ಲುಂಗಿ,
ಮುದ್ದೆಯ ತಟ್ಟೆ ಒಣಗಿದರೆ ಒಂದೇ ಮಾತು:
"ಸಾರು."
ಕ್ರಿಯಾಪದವನ್ನೂ ಗೂಟಕ್ಕೆ ನೇತುಹಾಕಿ ಬಂದಿರುತ್ತಿದ್ದ.

ಒಂದು ಸಲ ಕೋಟು ದಸ್ತಗೀರ್ ಸಾಬರ ಅಂಗಡಿಯಲ್ಲಿತ್ತು,
ಒಳಗಿನ ಅಸ್ತರು ಹರಿದು.
ಅವತ್ತೇ ದೀಪ ಹಚ್ಚುವ ಹೊತ್ತಿಗೆ
ಮುರುಗಮಲ್ಲದ ಕಡೆಯ ಗಂಗುಲಮ್ಮ
ಪಿಂಚಣಿ ಪುಸ್ತಕವನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದಳು.
ಗಂಡ ಪಿಳ್ಳಪ್ಪ ಹೋಗಿ ವರ್ಷ;
ಪುಸ್ತಕದಲ್ಲಿ ಪುಳ್ಳಪ್ಪ.
ನಾಳೆ ಹತ್ತಕ್ಕೇ ಸಾಹೇಬರು ಹೊರಟುಬಿಡುತ್ತಾರೆ.
ಅಪ್ಪ ಗೂಟ ನೋಡಿದ. ಖಾಲಿ ಗೂಟ.
ಬನಿಯನ್ನಿನಲ್ಲೇ ಕೂತ.

ನಾನು ಲಾಂದ್ರ ಹಿಡಿದಿದ್ದೆ, ಏಳನೇ ಕ್ಲಾಸು.
ಅವಳು ಹೇಳಿದ ಹಾಗೇ ಬಿದ್ದವು ಅಕ್ಷರ:
'ಪುಳ್ಳಪ್ಪ ಯಾರೋ ನಾ ಕಾಣೆ.
ಅವನ ದುಡ್ಡು ನನಗೆ ಬೇಡ.
ನನ್ನ ಗಂಡ ಪಿಳ್ಳಪ್ಪ. ಕುಂಬಾರ. ಎಡಗೈ.
ಒಂದು ಕೊಂಬು ಇಟ್ಟು ನನ್ನನ್ನ
ಯಾರದೋ ಹೆಂಡತಿ ಮಾಡಿದ್ದೀರಿ.'
'ಕೊಂಬು' ಅನ್ನುವುದೊಂದು ಮಾತ್ರ ಅಪ್ಪನದು.

ಬರೆದದ್ದನ್ನು ಓದಿಕೊಂಡು ನಾಚಿದ,
ಬಚ್ಚಲಲ್ಲಿದ್ದಾಗ ಯಾರೋ ಬಾಗಿಲು ನೂಕಿದ ಹಾಗೆ.

'ನಮೂನೆ ಸರಿಯಿಲ್ಲ' ಅಂತ ಕಚೇರಿ ವಾಪಸು ಕಳಿಸಿತು.
ಕೋಟು ಬಂದ ದಿನ ಮತ್ತೆ ಬರೆದ,
ಮೂರೂ ಗುಂಡಿ ಹಾಕಿಕೊಂಡು, ಅರಿಕೆಯಿಂದ ಶುರುಮಾಡಿ.
ನಾಲ್ಕು ತಿಂಗಳಿಗೆ ಪಿಳ್ಳಪ್ಪ ಪಿಳ್ಳಪ್ಪನಾದ.
ಸುಳ್ಳು ಹೇಳಲಾರೆ, ಗೆದ್ದದ್ದು ಕೋಟು.
ಬನಿಯನ್ನು ಗೆದ್ದಿದ್ದರೆ
ಈ ಪದ್ಯ ಸಲೀಸಾಗಿ ಮುಗಿಯುತ್ತಿತ್ತು.

ನಾನೀಗ ಕತೆ ಬರೆಯುತ್ತೇನೆ,
ಬಣ್ಣ ಹೋದ ನೈಟಿ, ಹೆಗಲ ಮೇಲೊಂದು ಟವೆಲು.
ಗೋಷ್ಠಿಗೆ ಕರೆದರೆ ಮಾತ್ರ
ಗಂಜಿ ಹಾಕಿದ ಹತ್ತಿ ಸೀರೆ, ಆರು ಪಿನ್ನು.
"ನಿಮ್ಮ ಶೈಲಿ ಬಲು ಸರಳ" ಅನ್ನುತ್ತಾರೆ
ಪಿನ್ನು ಕಾಣದವರು.

ಮೊನ್ನೆ ಟ್ರಂಕಿನಿಂದ ಕೋಟು ತೆಗೆದು ತೊಟ್ಟು ಕೂತೆ.
ಭುಜ ನಾಲ್ಕು ಬೆರಳು ಹೆಚ್ಚು.
'ಅವಳು ಬಾಗಿಲು ತೆಗೆದಳು' ಎಂದು ಬರೆಯಹೋದರೆ
ಕೈ ಬರೆಯಿತು:
'ಸದರಿಯವಳು ಬಾಗಿಲನ್ನು ತೆರೆದಿರುತ್ತಾಳೆ.'
ನಗು ಬಂತು. ಆಮೇಲೆ ನಿಂತಿತು.

ಬಿಚ್ಚುವಾಗ ತೋಳು ಮಗುಚಿಕೊಂಡು
ದಸ್ತಗೀರ್ ಸಾಬರ ಅಸ್ತರು ಕಂಡಿತು:
ಅಮ್ಮನ ಹಳೇ ವಾಯಿಲ್ ಸೀರೆ, ಹಳದಿಯಲ್ಲಿ ಸಣ್ಣ ಹೂವು,
ಬೆನ್ನಿನುದ್ದಕ್ಕೂ.
ಅಷ್ಟು ವರ್ಷದ ಅರಿಕೆಗಳ ಬೆವರು ಕುಡಿದದ್ದು ಅದು.
ಅಪ್ಪನಿಗೆ ಗೊತ್ತಿತ್ತೋ?
ಗೊತ್ತಿಲ್ಲದೆ ಇರುತ್ತದೆಯೇ,
ದಿನಾ ಅದರೊಳಗೆ ಕೈ ತೂರಿಸಿದವನಿಗೆ.

ಕಾಲರಿನ ಕೆಳಗೆ, ಹೂವಿನ ಪಕ್ಕ,
ಮಡಿವಾಳರ ಮುನಿವೆಂಕಟಿಯ ಗೇರುಕಾಯಿ ಗುರುತು:
ಎರಡು ಚುಕ್ಕಿ, ಒಂದು ಗೀಟು.
ಓದು ಬಾರದವನು.
ಊರಿನ ಅಷ್ಟೂ ಮೂಟೆಗಳ ನಡುವೆ
ನಮ್ಮ ಬಟ್ಟೆ ಒಂದು ದಿನವೂ
ಬೇರೆಯವರ ಮನೆಗೆ ಹೋಗಲಿಲ್ಲ.